ಬಯಲುಸೀಮೆಯ ಬಿಸಿಲು ಮತ್ತು ಪರಸ್ಥಳದ ಓದು

ಓದಲೆಂದು ದೂರ ಹೋದವರ ಮನಸ್ಸಿನ ಮೇಲೆ ಅಲ್ಲಿನ ಹವೆ ಏನು ಮಾಡುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಗಂಭೀರವಾಗಿ ಎತ್ತಿಕೊಂಡದ್ದು ತೀರ ಈಚೆಗೆ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಯ ಹಗಲು ಎಂಟು ಗಂಟೆಯೂ ತುಂಬುವುದಿಲ್ಲ. ಬೆಳಕು ಕುಗ್ಗುವ ಋತುವಿನಲ್ಲಿ ಮರುಕಳಿಸುವ ಖಿನ್ನತೆಯನ್ನು ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲಿ ಪ್ರತ್ಯೇಕವಾಗಿ ಗುರುತಿಸಿದ ಮೇಲೆ, ಬಿಸಿಲು ಬಿದ್ದ ದಿನ ಪರದೇಶದ ವಿದ್ಯಾರ್ಥಿಯ ಮುಖ ಅರಳುವುದಕ್ಕೆ ಒಂದು ವಿವರಣೆ ದೊರೆಯಿತು. ಆದರೆ ಕರ್ನಾಟಕದ ಬಯಲುಸೀಮೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದ್ದು, ಅಲ್ಲಿ ವರ್ಷದ ಅತಿ ಸಣ್ಣ ಹಗಲೂ ಹನ್ನೊಂದು ಗಂಟೆ ಮೀರುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ಹಿಂದೆ ಬಿಸಿಲು ಓದುವವರ ಮನಸ್ಸಿಗಿಂತ ಮೊದಲು ಅವರ ಖರ್ಚಿಗೆ ಸಂಬಂಧಿಸಿದ ಸಂಗತಿಯಾಗಿತ್ತು.

ಇದಕ್ಕೆ ಒಳ್ಳೆಯ ಆಧಾರ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಮದರಾಸಿಗೆ ಬರೆದು ಕಳಿಸಿದ ವರದಿ. ಮದರಾಸಿನ ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ್ದನು. ಬಂದ ಉತ್ತರಗಳಲ್ಲಿ ಅಂಕಿಗಳಾಚೆಗೆ ಹೋಗಿ ಪಾಠದ ಕ್ರಮವನ್ನೇ ವರ್ಣಿಸಿದ್ದು ತೆಲುಗು ವ್ಯಾಕರಣವನ್ನೂ ಬರೆದಿದ್ದ ಈ ಅಧಿಕಾರಿಯ ವರದಿ. ಅಂದಿನ ಬಳ್ಳಾರಿ ಜಿಲ್ಲೆ ಈ ಐದು ಊರುಗಳ ಸೀಮೆಯ ಜೊತೆಗೆ ಮುಂದೆ 1882ರಲ್ಲಿ ಬೇರೆಯಾದ ಅನಂತಪುರವನ್ನೂ ಒಳಗೊಂಡಿತ್ತು. 9,27,857 ಜನರಿದ್ದ ಆ ವಿಶಾಲ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು, 23 ಸಂಸ್ಕೃತದವು. ಹೆಣ್ಣುಮಕ್ಕಳು ಕೇವಲ 60 ಮಂದಿ ಎಂಬುದನ್ನು ಮರೆತು ಹಳೆಯ ವಿದ್ಯಾಭ್ಯಾಸವನ್ನು ಕೊಂಡಾಡುವುದು ಸರಿಯಾಗದು.

ವರದಿಯ ಪ್ರಕಾರ ಶಾಲೆ ಬೆಳಗಿನ ಆರು ಗಂಟೆಗೇ ಆರಂಭವಾಗುತ್ತಿತ್ತು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಅನಂತರದವರಿಗೆ ಬೆತ್ತದ ಏಟು. ಚಿಕ್ಕವರು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ದೊಡ್ಡವರು ಹೆಚ್ಚಾಗಿ ಬಳಸುತ್ತಿದ್ದ ಸಾಧನಗಳು ಎರಡು: ಸುಮಾರು ಒಂದು ಅಡಿ ಅಗಲ, ಮೂರು ಅಡಿ ಉದ್ದದ, ಅನ್ನ ಮತ್ತು ಇದ್ದಿಲ ಪುಡಿ ಬಳಿದ ಹಲಗೆ; ಮತ್ತು ಗಂಜಿಯಿಂದ ಬಿರುಸುಗೊಳಿಸಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಹಾಗೂ ಅಂಟುಗಳ ಲೇಪ ಕೊಟ್ಟು ತಯಾರಿಸಿದ ಕಡತ. ಇವೆರಡರ ಮೇಲೂ ಬಳಪದಿಂದ, ಅಂದರೆ ಬಿಳಿಯ ಮೆದುಗಲ್ಲಿನ ಕಡ್ಡಿಯಿಂದ, ಬರೆದು ಒದ್ದೆ ಬಟ್ಟೆಯಿಂದ ಒರೆಸಬಹುದಾಗಿತ್ತು. ಗಂಜಿಯ ಬಟ್ಟೆ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ, ಒರೆಸಿದ ಹಲಗೆ ಆರುವವರೆಗೆ ಮುಂದಿನ ಲೆಕ್ಕ ಬರೆಯಲಾಗದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್‌ನಷ್ಟು ಮಾತ್ರ ಮಳೆ ಕಾಣುವ ಈ ಬಯಲಿನಲ್ಲಿ ಈ ಒಣಗಿಸುವ ಕೆಲಸವನ್ನೆಲ್ಲ ಬಿಸಿಲು ಪುಕ್ಕಟೆಯಾಗಿ ಮಾಡಿಕೊಡುತ್ತಿತ್ತು. ಇಂಥ ಶಾಲೆಗೆ ಕೂಲಿಮಠ ಅಥವಾ ಐಗಳ ಮಠವೆಂದು ಹೆಸರು. ಮಕ್ಕಳ ಮನೆಯವರು ಕೊಡುವ ಕಾಳು-ಕಾಸೇ ಐಗಳ, ಅಂದರೆ ಗುರುಗಳ, ಕೂಲಿ. ಗುಡಿಯ ಹಜಾರ, ಕಟ್ಟೆ, ಮರದ ನೆರಳು ಅದಕ್ಕೆ ಸಾಕಾಗುತ್ತಿದ್ದವು. ಹಡಗಲಿ ಕಡೆಯ ಎರೆಭೂಮಿಯಲ್ಲಿ ಒಂದು ಜೋರು ಮಳೆ ಬಂದರೆ ಮಣ್ಣು ಕಾಲಿಗೆ ಮೆತ್ತಿಕೊಂಡು ಹಳ್ಳಿಯಿಂದ ಹಳ್ಳಿಗೆ ನಡೆಯುವುದೇ ಕಷ್ಟವಾಗುತ್ತದೆ, ಹೀಗಾಗಿ ಪಕ್ಕದೂರಿನ ಹುಡುಗನಿಗೆ ಬಿಸಿಲೆಂದರೆ ದಾರಿಯೂ ಹೌದು.

ಸಂಸ್ಕೃತ ಪಾಠ ಉಚಿತವಾಗಿ ನಡೆಯುತ್ತಿತ್ತೆಂದು ವರದಿ ಹೇಳುತ್ತದೆ. ಅಂಥ ಪಾಠಕ್ಕಾಗಿ ಅಥವಾ ಇದೇ ಸೀಮೆಯ ಉಜ್ಜಿನಿಯಂಥ ವೀರಶೈವ ಮಠದ ಆಶ್ರಯಕ್ಕಾಗಿ ಊರು ಬಿಟ್ಟು ಬಂದವರು ಪರಸ್ಥಳದ ವಿದ್ಯಾರ್ಥಿಗಳು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನ, ಇಲ್ಲವೆ ಜೋಳಿಗೆ ಹಿಡಿದು ತಂದ ಭಿಕ್ಷೆ ಇಂಥವರ ಊಟದ ದಾರಿ. ವಸತಿಯ ಪ್ರಶ್ನೆಯನ್ನು ಈ ಸೀಮೆಯ ಮನೆಗಳು ಹಗುರ ಮಾಡಿದವು, ಏಕೆಂದರೆ ಇಲ್ಲಿನದು ಮಣ್ಣಿನ ಚಪ್ಪಟೆ ಮಾಳಿಗೆ. ಮಳೆಯಿಲ್ಲದ ತಿಂಗಳುಗಳಲ್ಲಿ ಅದರ ಮೇಲೆ ಮಲಗಬಹುದು, ಬೆಳಕು ಹರಿಯುತ್ತಲೇ ಎಣ್ಣೆ ಸುಡದೆ ಪಾಠ ಒಪ್ಪಿಸಿಕೊಳ್ಳಬಹುದು. ಒಂದೇ ಪಂಚೆಯವನಿಗೂ ಒಗೆದದ್ದು ಹೊತ್ತೇರುವುದರೊಳಗೆ ಒಣಗಿ ಕೈಗೆ ಬರುತ್ತದೆ. ಪರಸ್ಥಳದ ಬಡ ಹುಡುಗನಿಗೆ ಇವು ಸಣ್ಣ ಸೌಕರ್ಯಗಳಲ್ಲ.

ಆದರೆ ಬಿಸಿಲನ್ನು ಇಷ್ಟಕ್ಕೇ ಹೊಗಳಿ ಬಿಡುವುದು ಅರ್ಧಸತ್ಯ. ವಾರಾನ್ನ ನಿಂತಿದ್ದದ್ದು ಊರಿನ ಹಗೇವಿನ, ಅಂದರೆ ನೆಲದೊಳಗಿನ ಕಣಜದ, ಜೋಳದ ಮೇಲೆ. ಜೋಳ ನಿಂತಿದ್ದದ್ದು ಮಳೆಯ ಮೇಲೆ. ಜನರ ಬಡತನ ಹೆಚ್ಚಿ, ಮಕ್ಕಳ ದುಡಿಮೆಯೂ ಬೇಕಾಗಿ ಶಾಲೆಗಳು ಕುಸಿಯುತ್ತಿವೆಯೆಂದೂ, ಇರುವ ಶಾಲೆಗಳಲ್ಲಿ ಒಂದಕ್ಕೂ ಸರಕಾರದ ನೆರವಿಲ್ಲವೆಂದೂ ಕ್ಯಾಂಪ್‌ಬೆಲ್ ನಾಚಿಕೆಯಿಂದ ಒಪ್ಪಿಕೊಂಡಿದ್ದನು. ಅರ್ಧ ಶತಮಾನದ ಬಳಿಕ, 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳ ಮಹಾಬರ ಬಂದಾಗ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದಾಯಿತು. ಶಾಲೆಗೆ ನೆರವಾದ ನಿರಭ್ರ ಆಕಾಶವೇ ಅದರ ಅನ್ನವನ್ನು ಕಸಿದುಕೊಂಡಿತು.

ಸರಕಾರಿ ಶಾಲೆಗಳು ನೆಲೆಯೂರಿ, ಪಾಠ ನಾಲ್ಕು ಗೋಡೆಗಳ ಒಳಗೆ ಸೇರಿದ ಮೇಲೆ ಬಿಸಿಲಿನ ಈ ಪಾತ್ರ ಕುಗ್ಗಿತು. ಕಾಲೇಜು ಓದಿಗೆ ಬಹುಮಟ್ಟಿಗೆ ಮದರಾಸಿನ ಕಡೆಗೆ ನೋಡಬೇಕಿದ್ದ ಈ ಭಾಗಕ್ಕೆ 1916ರಲ್ಲಿ ಅನಂತಪುರದಲ್ಲಿ ದತ್ತಮಂಡಲಗಳ, ಅಂದರೆ ನಿಜಾಮನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯ, ಕಾಲೇಜು ದೊರೆಯಿತು. ಮದರಾಸಿನಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಓದಿನ ವರ್ಷದ ನಡುಮಧ್ಯದಲ್ಲಿ, ಹಿಂಗಾರು ಸುರಿಯುತ್ತದೆ, ಉಳಿದ ದಿನಗಳಲ್ಲಿ ಕಡಲ ಬೆವರು. ಅನಂತಪುರದಲ್ಲಾದರೋ ಕೂಡ್ಲಿಗಿಯ ಒಣ ಹವೆಯೇ ಮುಂದುವರಿಯುತ್ತದೆ. ಆದರೆ ಅಲ್ಲಿನ ಬೀದಿಯ ಮಾತು ತೆಲುಗು. ಈ ಸೀಮೆಯ ವಿದ್ಯಾರ್ಥಿಗಳಿಗೆ ಹವೆಯೂ ಭಾಷೆಯೂ ಎರಡೂ ತಮ್ಮದೇ ಆದ ವೀರಶೈವ ಕಾಲೇಜು ಬಳ್ಳಾರಿಯಲ್ಲಿ ಆರಂಭವಾದದ್ದು 1945ರಲ್ಲಿ.