ಟಾನ್ಸಿಲ್: ಬೆಳವಣಿಗೆ, ರಚನೆ, ಚರಿತ್ರೆ

ಟಾನ್ಸಿಲ್ (ಗಲಗ್ರಂಥಿ) ಗಂಟಲಿನ ಬಾಗಿಲಲ್ಲಿರುವ, ರೋಗನಿರೋಧಕ ಜೀವಕೋಶಗಳು ತುಂಬಿದ ಅಂಗ. ಸಾಮಾನ್ಯವಾಗಿ ಟಾನ್ಸಿಲ್ ಎನ್ನುವುದು ಕಿರುನಾಲಗೆಯ ಎರಡೂ ಪಕ್ಕ ಕಾಣುವ ಅಂಗುಳಿನ ಟಾನ್ಸಿಲ್‌ಗಳನ್ನು. ಮೂಗಿನ ಹಿಂಬದಿಯ ಅಡಿನಾಯ್ಡ್, ನಾಲಗೆಯ ಬುಡದ ಟಾನ್ಸಿಲ್, ಕಿವಿಯ ನಾಳದ ಬಾಯಲ್ಲಿರುವ ಚಿಕ್ಕ ಟಾನ್ಸಿಲ್‌ಗಳು ಇವುಗಳ ಜೊತೆ ಸೇರಿ ಗಂಟಲನ್ನು ಸುತ್ತುವರಿದಿವೆ. ಈ ಬಳೆಯನ್ನು ಜರ್ಮನಿಯ ಅಂಗರಚನಾ ತಜ್ಞ ವಾಲ್ಡೆಯರ್ 1884ರಲ್ಲಿ ವಿವರಿಸಿದ.

ಬೆಳವಣಿಗೆ

ಅಂಗುಳಿನ ಟಾನ್ಸಿಲ್ ಹುಟ್ಟುವುದು ಭ್ರೂಣದ ಗಂಟಲಿನ ಎರಡನೆಯ ಚೀಲದಿಂದ. ಚೀಲದ ಒಳಪದರದ ಕೋಶಗಳು ಮೊಗ್ಗುಗಳಾಗಿ ಸುತ್ತಲಿನ ಅಂಗಾಂಶಕ್ಕೆ ಇಳಿಯುತ್ತವೆ. ನಡುವಿನ ಕೋಶಗಳು ಸತ್ತು ಉದುರಿ ಮೊಗ್ಗುಗಳು ಟೊಳ್ಳಾಗುತ್ತವೆ. ಐದನೆಯ ತಿಂಗಳ ಹೊತ್ತಿಗೆ ಈ ಟೊಳ್ಳುಗಳ ಸುತ್ತ ರೋಗನಿರೋಧಕ ಕೋಶಗಳಾದ ಲಿಂಫೊಸೈಟ್‌ಗಳು ನೆಲೆಯೂರುತ್ತವೆ. ಮಗು ಹುಟ್ಟಿ ರೋಗಾಣುಗಳ ಸಂಪರ್ಕಕ್ಕೆ ಬಂದ ಮೇಲೆ ಗ್ರಂಥಿ ಚುರುಕಾಗಿ ಬೆಳೆಯುತ್ತದೆ. ಬಾಲ್ಯದಲ್ಲಿ ದೊಡ್ಡದಾಗಿದ್ದು, ಹರೆಯದ ನಂತರ ಕುಗ್ಗುತ್ತದೆ. ಆದ್ದರಿಂದ ಐದಾರು ವರ್ಷದ ಮಗುವಿನ ಟಾನ್ಸಿಲ್ ದೊಡ್ಡದಾಗಿ ಕಂಡ ಮಾತ್ರಕ್ಕೆ ರೋಗವಲ್ಲ.

ರಚನೆ

ಗ್ರಂಥಿಯ ಮುಂದೊಂದು, ಹಿಂದೊಂದು ಸ್ನಾಯುಕಮಾನು ಇದೆ. ಮೇಲ್ಮೈಯಲ್ಲಿ ಹದಿನೈದಿಪ್ಪತ್ತು ಕುಳಿಗಳಿರುತ್ತವೆ. ಭ್ರೂಣದ ಮೊಗ್ಗುಗಳು ಉಳಿಸಿಹೋದ ಟೊಳ್ಳುಗಳೇ ಇವು. ಆಹಾರ, ಗಾಳಿಯೊಂದಿಗೆ ಬಂದ ರೋಗಾಣುಗಳು ಕುಳಿಗಳಲ್ಲಿ ಸಿಕ್ಕಿ ಲಿಂಫೊಸೈಟ್‌ಗಳ ಪರಿಚಯಕ್ಕೆ ಬರುತ್ತವೆ. ಸೋಂಕು ತಂಗುವುದೂ ಇಲ್ಲಿಯೇ.

ಹೊರಪಕ್ಕ ಗಟ್ಟಿ ಪೊರೆ, ಅದರಾಚೆ ಗಂಟಲಿನ ಸ್ನಾಯು ಇದೆ. ಮುಖದ ಅಪಧಮನಿಯ ಕವಲೊಂದು ಮುಖ್ಯವಾಗಿ ರಕ್ತ ಪೂರೈಸುತ್ತದೆ. ಪೊರೆಗೆ ಅಂಟಿದಂತೆ ಇಳಿಯುವ ಅಭಿಧಮನಿಯಿಂದ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವವಾಗುವುದುಂಟು. ಒಂಬತ್ತನೆಯ ಕಪಾಲನರದ ಕವಲುಗಳು ಟಾನ್ಸಿಲಿಗೂ ಮಧ್ಯಕಿವಿಗೂ ಹೋಗುವುದರಿಂದ, ಗಂಟಲು ಬೇನೆಯವರು ಕಿವಿನೋವು ಎನ್ನುತ್ತಾರೆ.

ಚರಿತ್ರೆ

ಸುಶ್ರುತ ಸಂಹಿತೆ ತಾಲುರೋಗಗಳಲ್ಲಿ 'ತುಂಡಿಕೇರಿ'ಯನ್ನು ಹೇಳಿ, ಆ ಊತವನ್ನು ಹತ್ತಿಯ ಕಾಯಿಗೆ ಹೋಲಿಸಿದೆ. ಕ್ರಿ.ಶ. 1ನೇ ಶತಮಾನದ ರೋಮಿನ ಸೆಲ್ಸಸ್, ಬೆರಳಿನಿಂದ ಸುತ್ತಲೂ ಬಿಡಿಸಿ ಗ್ರಂಥಿಯನ್ನು ಕಿತ್ತುಹಾಕುವ ವಿಧಾನ ಬರೆದಿಟ್ಟ. ಹಾಗೆ ಬಾರದಿದ್ದರೆ ಕೊಕ್ಕೆಯಿಂದ ಹಿಡಿದು ಕತ್ತರಿಸಬೇಕಿತ್ತು. 1828ರಲ್ಲಿ ಫಿಲಡೆಲ್ಫಿಯಾದ ಫಿಸಿಕ್ ಟಾನ್ಸಿಲ್ ಕತ್ತರಿಸುವ ಉಪಕರಣ ರೂಪಿಸಿದ. 1868ರಲ್ಲಿ ಕೋಪನ್‌ಹೇಗನ್‌ನ ವಿಲ್ಹೆಲ್ಮ್ ಮೇಯರ್, ಮೂಗು ಕಟ್ಟಿ ಕಿವಿ ಮಂದವಾದ ಮಕ್ಕಳಲ್ಲಿ ಅಡಿನಾಯ್ಡ್ ಬೆಳೆದಿರುವುದನ್ನು ತೋರಿಸಿಕೊಟ್ಟ.

20ನೇ ಶತಮಾನದ ಮೊದಲರ್ಧದಲ್ಲಿ ಕತ್ತರಿಸುವುದು ರೂಢಿಯೇ ಆಯಿತು. 1934ರಲ್ಲಿ ನ್ಯೂಯಾರ್ಕಿನ 1,000 ಶಾಲಾಮಕ್ಕಳನ್ನು ನೋಡಿದಾಗ 611 ಮಂದಿಗೆ ಟಾನ್ಸಿಲ್ ಆಗಲೇ ಇರಲಿಲ್ಲ. ಉಳಿದ 389ರಲ್ಲಿ 174 ಮಂದಿಗೆ ತೆಗೆಯಬೇಕೆಂದು ವೈದ್ಯರು ಹೇಳಿದರು. ಬೇಡವೆನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರು ನೋಡಿದಾಗ 99 ಮಂದಿಗೆ ಬೇಕೆಂದಾಯಿತು. ತೀರ್ಪು ಮಗುವಿನ ಗಂಟಲನ್ನಲ್ಲ, ನೋಡುವವರ ರೂಢಿಯನ್ನು ಅನುಸರಿಸಿತ್ತು.

ಪೆನಿಸಿಲಿನ್ ಬಂದ ಮೇಲೆ, ಟಾನ್ಸಿಲಿನ ರೋಗನಿರೋಧಕ ಕೆಲಸ ತಿಳಿದ ಮೇಲೆ ಈ ಭರಾಟೆ ಇಳಿಯಿತು. 1984ರಲ್ಲಿ ಪಿಟ್ಸ್‌ಬರ್ಗಿನ ಪ್ಯಾರಡೈಸ್ ಮತ್ತು ಸಂಗಡಿಗರ ಅಧ್ಯಯನ ಟಾನ್ಸಿಲ್ ಯಾವಾಗ ತೆಗೆಯಬೇಕೆಂಬುದಕ್ಕೆ ಸ್ಪಷ್ಟ ಅಳತೆ ಕೊಟ್ಟಿತು: ವರ್ಷಕ್ಕೆ ಏಳು ಸಲ, ಅಥವಾ ಎರಡು ವರ್ಷ ಐದೈದು ಸಲ, ಅಥವಾ ಮೂರು ವರ್ಷ ಮೂರು ಮೂರು ಸಲ ತೀವ್ರ ಗಂಟಲುಬೇನೆ. ಇಂದು ನಿದ್ದೆಯಲ್ಲಿ ಉಸಿರು ಕಟ್ಟುವುದೂ ಶಸ್ತ್ರಚಿಕಿತ್ಸೆಗೆ ಮುಖ್ಯ ಕಾರಣ.

ಭಾರತದಲ್ಲಿ ಇನ್ನೊಂದು ಎಚ್ಚರ ಬೇಕು. ಸ್ಟ್ರೆಪ್ಟೊಕಾಕಸ್ ಗಂಟಲುಸೋಂಕಿಗೆ ಚಿಕಿತ್ಸೆಯಾಗದಿದ್ದರೆ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಡುತ್ತದೆ. ಇಕ್ಕಟ್ಟಾದ ವಾಸದಲ್ಲಿ ಈ ಸೋಂಕು ಬೇಗ ಹರಡುವುದರಿಂದ ಮುಂಬಯಿಯ ಜೋಗೇಶ್ವರಿಯಂಥ ಕಿಕ್ಕಿರಿದ ಉಪನಗರಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ವೈದ್ಯರು ಬರೆದ ಔಷಧಿಯನ್ನು ನೋವು ಇಳಿದರೂ ಪೂರ್ತಿ ಮುಗಿಸುವುದು ಮಗುವಿನ ಹೃದಯವನ್ನು ಕಾಯುವ ಕೆಲಸ.