ಸೆಣಬಿನ ಗಂಟುಗಳಲ್ಲಿ ಮೂಡಿದ ದಿವ್ಯಕಾಯ

ಬಟ್ಟೆಯು ಮೈಯನ್ನು ಮುಚ್ಚುವುದಕ್ಕಾಗಿ ಹುಟ್ಟಿತು. ಆದರೆ ನಾರೇ ಮೈಯಾಗಿ, ಆ ಮೈಯೇ ದೈವವಾಗಿ ನಿಂತ ಪರಿಯನ್ನು ಅರಿಯಬೇಕಾದರೆ ಮೃಣಾಲಿನಿ ಮುಖರ್ಜಿಯವರ (1949–2015) ಕಲಾಸಾಧನೆಯನ್ನು ಅವಲೋಕಿಸಬೇಕು.

ತಂದೆ ಬಿನೋದ್ ಬಿಹಾರಿ ಮುಖರ್ಜಿ ಶಾಂತಿನಿಕೇತನದ ಹೆಸರಾಂತ ಚಿತ್ರಕಾರರು. ಕಣ್ಣಿನ ಬೆಳಕು ಆರಿದ ಮೇಲೂ ಕಲಾಕಾಯಕವನ್ನು ಬಿಡದವರು. ತಾಯಿ ಲೀಲಾ ಶಿಲ್ಪಿ. ಡೆಹರಾಡೂನಿನ ಬೆಟ್ಟಗಳ ಹಸಿರು ಬಾಲ್ಯದಲ್ಲಿಯೇ ಮೃಣಾಲಿನಿಯವರ ಮನಸ್ಸನ್ನು ತುಂಬಿತು. ಬರೋಡಾದಲ್ಲಿ ಗುರುಗಳಾದ ಕೆ. ಜಿ. ಸುಬ್ರಮಣ್ಯನ್ ಅವರು ಜನಪದ ಕಸುಬುಗಳನ್ನು ಗೌರವದಿಂದ ಕಾಣುವ ದೃಷ್ಟಿಯನ್ನು ಕೊಟ್ಟರು.

ಅವರು ಆರಿಸಿಕೊಂಡದ್ದು ಕಲ್ಲಲ್ಲ, ಲೋಹವಲ್ಲ. ಮೂಟೆ ಕಟ್ಟುವ ಸೆಣಬಿನ ಹಗ್ಗ. ಮಗ್ಗವಿಲ್ಲ, ಮುಂಚಿತವಾಗಿ ಬರೆದ ನಕ್ಷೆಯಿಲ್ಲ. ಬಣ್ಣವೇರಿಸಿದ ಹಗ್ಗವನ್ನು ಗಂಟಿನ ಮೇಲೆ ಗಂಟಾಗಿ ಬೆರಳುಗಳಿಂದಲೇ ಕಟ್ಟುತ್ತ ಹೋದಂತೆ ಮಡಿಕೆಗಳು ಮೂಡುತ್ತಿದ್ದವು. ಒಂದೊಂದು ಕೃತಿಗೂ ತಿಂಗಳುಗಟ್ಟಲೆ ಶ್ರಮ. 'ವನರಾಜ', 'ಯಕ್ಷಿ' (1984), 'ಪುಷ್ಪ' (1993), 'ವನಶ್ರೀ' (1994) ಹೀಗೆ ಮೈದಾಳಿದವು. ಇವುಗಳಲ್ಲಿ ಎಸಳು ಎಲ್ಲಿ ಮುಗಿದು ಅಂಗ ಎಲ್ಲಿ ಆರಂಭವಾಯಿತೆಂದು ಬೇರ್ಪಡಿಸಿ ಹೇಳಲಾಗದು. ಸಾಂಚಿಯ ತೋರಣದಲ್ಲಿ ಮಾವಿನ ಕೊಂಬೆಯನ್ನು ಹಿಡಿದ ಯಕ್ಷಿಯಲ್ಲಿ ಮರವೂ ಹೆಣ್ಣೂ ಒಂದೇ ಜೀವರಸದಿಂದ ತುಂಬಿರುವಂತೆ, ಇಲ್ಲಿಯೂ ಸಸ್ಯವೂ ಕಾಯವೂ ಒಂದೇ.

ಹೆಸರುಗಳು ಪುರಾಣದವಾದರೂ ಈ ಮೂರ್ತಿಗಳು ಯಾವ ಶಾಸ್ತ್ರದ ಲಕ್ಷಣವನ್ನೂ ಅನುಸರಿಸಿದವಲ್ಲ. ಇಕ್ಕಟ್ಟಾದ ಗರ್ಭಗುಡಿಯೊಳಗೆ ಕಾಲಿಟ್ಟು ತಲೆಯೆತ್ತಿದಾಗ ಎದುರಾಗುವ ಸಾನ್ನಿಧ್ಯ, ಅದರಿಂದ ಮೂಡುವ ವಿಸ್ಮಯ, ಇದನ್ನೇ ತಮ್ಮ ಕೃತಿಗಳಲ್ಲಿ ಅರಸುತ್ತಿರುವುದಾಗಿ ಅವರು ಹೇಳಿಕೊಂಡಿದ್ದರು.

ಹಗ್ಗದ ಕೆಲಸವನ್ನು ಬರಿಯ ಕೈಕಸುಬೆಂದು ಬದಿಗಿಟ್ಟವರೂ ಇದ್ದರು. 1994ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪ್ರದರ್ಶನ ನಡೆದರೂ ವ್ಯಾಪಕ ಮನ್ನಣೆ ತಡವಾಗಿ ಬಂದಿತು. ಮುಂದೆ ಅವರು ಸುಟ್ಟ ಮಣ್ಣಿಗೂ ಕಂಚಿಗೂ ಹೊರಳಿದರು. 2015ರ ಜನವರಿಯಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಜೀವಮಾನದ ಕೃತಿಗಳ ಪ್ರದರ್ಶನವು ತೆರೆದಾಗ ಅವರು ಆಸ್ಪತ್ರೆಯಲ್ಲಿದ್ದರು. ಕೆಲವೇ ದಿನಗಳಲ್ಲಿ ಅಗಲಿದರು. 2019ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರೂಯರ್ ಅವರ ಕೃತಿಗಳಿಗೆ ದೊಡ್ಡ ಪ್ರದರ್ಶನವನ್ನೇ ಮೀಸಲಿಟ್ಟಿತು.

ಕಾಯವನ್ನು ಹೇಯವೆಂದು ಹಳಿಯುವ ಮಾತು ಲೋಕದಲ್ಲಿ ಹೊಸದಲ್ಲ. ಆ ಮಾತಿಗೆ ಮೃಣಾಲಿನಿಯವರು ವಾದದಿಂದ ಉತ್ತರಿಸಲಿಲ್ಲ. ಮೂಟೆ ಕಟ್ಟುವ ಹಗ್ಗಕ್ಕೂ ದೈವತ್ವ ಒಲಿಯಬಲ್ಲದೆಂದು ಅವರ ಬೆರಳುಗಳು ತೋರಿದವು. ಹಗ್ಗಕ್ಕೆ ಒಲಿದುದು ಉಸಿರಾಡುವ ಈ ಮೈಗೆ ಒಲಿಯದೆ?