ಕುದುರೆ ಲಾಯ ಇದ್ದಲ್ಲಿ ಜಾನ್ಸನ್ ಮಾರ್ಕೆಟ್: ಹೊಸೂರು ದಾರಿಯ ಹಳೇ ಇಂಗ್ಲಿಷ್ ಮಾರುಕಟ್ಟೆಗಳ ಕಥೆ

ಹೊಸೂರು, ರಾಯಕೋಟೆ, ಕೃಷ್ಣಗಿರಿ ಕಡೆಯ ತರಕಾರಿ ಮತ್ತು ಹೂವಿನ ಗಾಡಿಗಳು ರಾತ್ರಿಯೇ ಹೊರಟು, ಅತ್ತಿಬೆಲೆ ದಾಟಿ ಬೆಳಕು ಹರಿಯುವ ಮುಂಚೆ ಬೆಂಗಳೂರು ಸೇರ್ತವೆ. ರಾಯಕೋಟೆಯ ಟೊಮೆಟೊ, ಹೊಸೂರಿನ ಗುಲಾಬಿ, ಸೀಸನ್‌ನಲ್ಲಿ ಕೃಷ್ಣಗಿರಿಯ ಮಾವು. ಹೊಸೂರಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್. ಆ ರಸ್ತೆ ನಗರದೊಳಗೆ ರಿಚ್ಮಂಡ್ ಟೌನ್ ಮುಟ್ಟುವ ಜಾಗದಲ್ಲಿ ಒಂದು ಹಳೇ ಮಾರುಕಟ್ಟೆ ಕಟ್ಟಡ ನಿಂತಿದೆ. ಅದೇ ಜಾನ್ಸನ್ ಮಾರ್ಕೆಟ್. ಅಲ್ಲಿಗೆ ಮೀನು, ಮಾಂಸ, ಮಸಾಲೆ ತರಲು ಹೋಗುವವರು, ಸುತ್ತಮುತ್ತ ಚಹಾ ಕುಡಿಯಲು, ಕಬಾಬ್ ತಿನ್ನಲು ಹೋಗುವ ಹುಡುಗರು ಸಾವಿರಾರು ಮಂದಿ ಇದ್ದಾರೆ. ಆದರೆ ಆ ಕಟ್ಟಡ ಯಾಕೆ ಹಾಗಿದೆ, ಆ ಜಾಗ ಮುಂಚೆ ಯಾರದ್ದು ಅಂತ ಕೇಳಿದರೆ ಹೇಳುವವರು ಕಡಿಮೆ.

ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. ಅಲ್ಲಿನ ಸಣ್ಣ ಪಟ್ಟಣಗಳಲ್ಲಿ ಸಂತೆ ನಡೆಯುವ ಚೌಕದ ನಡುವೆ 'ಮಾರ್ಕೆಟ್ ಹೌಸ್' ಅಂತ ಒಂದು ಕಟ್ಟಡ ಇರ್ತಿತ್ತು. ಕೆಳಗೆ ಗೋಡೆ ಇಲ್ಲ, ಬರೀ ಕಂಬ ಅಥವಾ ಕಮಾನು. ರೈತರು, ಬೆಣ್ಣೆ ಮಾರುವ ಹೆಂಗಸರು, ಉಣ್ಣೆ ವ್ಯಾಪಾರಿಗಳು ಮಳೆ-ಬಿಸಿಲಿಗೆ ಅದರಡಿಯಲ್ಲಿ ಕೂರ್ತಿದ್ದರು. ಮೇಲೆ ಒಂದು ದೊಡ್ಡ ಕೋಣೆ, ಅದರಲ್ಲಿ ಊರಿನ ಸಭೆ ಅಥವಾ ದಾಸ್ತಾನು. ಲೆಡ್ಬರಿ ಎಂಬ ಊರಿನಲ್ಲಿ 17ನೇ ಶತಮಾನದ ಇಂಥ ಒಂದು ಕಟ್ಟಡ 16 ಮರದ ಕಂಬಗಳ ಮೇಲೆ ಇವತ್ತಿಗೂ ನಿಂತಿದೆ. ಟೆಟ್ಬರಿಯದ್ದು 1655ರದ್ದು. ರಾಸ್-ಆನ್-ವೈ ಊರಿನದ್ದೂ ಹೆಚ್ಚು ಕಡಿಮೆ ಅದೇ ಕಾಲದ್ದು, ಕೆಂಪು ಮರಳುಗಲ್ಲಿನದು.

ವ್ಯಾಪಾರಿಗೆ ನೆರಳು ಕೊಡುವುದು ಈ ಕಟ್ಟಡದ ಒಂದು ಕೆಲಸ. ಎರಡನೇ ಕೆಲಸ ವ್ಯಾಪಾರಿಯ ಮೇಲೆ ಕಣ್ಣಿಡುವುದು. ಸುಂಕ ವಸೂಲಿ ಮಾಡುವವ, ತೂಕ-ಅಳತೆ ಸರಿ ಇದೆಯಾ ಅಂತ ನೋಡುವವ ಅಲ್ಲೇ ಇರ್ತಿದ್ದ. ಸರಕು ಬೀದಿ ಬೀದಿಯಲ್ಲಿ ಚೆದುರಿದರೆ ಲೆಕ್ಕ ಸಿಗುವುದಿಲ್ಲ, ಒಂದೇ ಮಾಡಿನಡಿ ಬಂದರೆ ಸಿಗ್ತದೆ. ನೆರಳು ಮತ್ತು ಸುಂಕ ಎರಡೂ ಒಟ್ಟಿಗೆ ಹುಟ್ಟಿದವು. ಮುಂದೆ ಭಾರತಕ್ಕೆ ಬಂದದ್ದೂ ಎರಡೂ ಸೇರಿಯೇ.

19ನೇ ಶತಮಾನದಲ್ಲಿ ಕಬ್ಬಿಣ ಅಗ್ಗವಾಗಿ ಇಂಗ್ಲೆಂಡಿನ ಮಾರುಕಟ್ಟೆಗಳು ದೊಡ್ಡದಾದವು. ಕಂಬದ ಮನೆ ಹೋಗಿ ಉದ್ದದ ಹಾಲ್ ಬಂತು. ಆ ಮಾದರಿಯೇ ಹಡಗು ಹತ್ತಿ ಇಲ್ಲಿಗೆ ಬಂದದ್ದು. ಮುಂಬೈಯ ಕ್ರಾಫರ್ಡ್ ಮಾರ್ಕೆಟ್ 1869ರಲ್ಲಿ ಮುಗಿಯಿತು. ವಿನ್ಯಾಸ ವಿಲಿಯಂ ಎಮರ್ಸನ್ ಅವರದ್ದು. ಕಲ್ಕತ್ತೆಯ ಹಾಗ್ ಮಾರ್ಕೆಟ್ 1874ರದ್ದು. ಮದ್ರಾಸಿನ ಮೂರ್ ಮಾರ್ಕೆಟ್ 1900ರಲ್ಲಿ ತೆರೆಯಿತು. ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ತಮಾಷೆ ಕಾಣ್ತದೆ. ಕ್ರಾಫರ್ಡ್ ಮುಂಬೈಯ ಮುನ್ಸಿಪಲ್ ಕಮಿಷನರ್, ಹಾಗ್ ಕಲ್ಕತ್ತೆಯ ನಗರಾಡಳಿತದ ಮುಖ್ಯಸ್ಥ, ಮೂರ್ ಮದ್ರಾಸ್ ಕಾರ್ಪೊರೇಷನ್ನಿನ ಅಧ್ಯಕ್ಷ. ರಾಜನ ಹೆಸರಿಲ್ಲ, ವೈಸರಾಯ್ ಹೆಸರಿಲ್ಲ. ಚರಂಡಿ, ಕಸ, ಬಾಡಿಗೆ ನೋಡುವ ಅಧಿಕಾರಿಯ ಹೆಸರು!

ಬೆಂಗಳೂರಿಗೆ ಬರುವಾಗ ಒಂದು ವಿಷಯ ನೆನಪಿಡಬೇಕು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ಬ್ರಿಟಿಷರು ದಂಡು ಪ್ರದೇಶವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಪೇಟೆ ಕಡೆ ಮೈಸೂರು ಸರ್ಕಾರ, ದಂಡಿನ ಕಡೆ 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್'. ಎರಡಕ್ಕೂ ಬೇರೆ ಬೇರೆ ಮುನ್ಸಿಪಾಲಿಟಿ. ಇವು ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

1898ರ ಪ್ಲೇಗ್ ಬೆಂಗಳೂರನ್ನು ನಡುಗಿಸಿತು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು, ದಂಡಿನಲ್ಲಿ ಫ್ರೇಸರ್ ಟೌನ್ ಆದದ್ದು ಅದರ ನಂತರವೇ. ಗಾಳಿ, ಬೆಳಕು, ಚರಂಡಿ ಎಂಬ ಮೂರು ಮಾತು ಆಮೇಲೆ ಆಡಳಿತದವರ ಬಾಯಲ್ಲಿ ಮಂತ್ರದಂತೆ ಕೂತವು. ಶಿವಾಜಿನಗರದಲ್ಲಿ, ಅಂದರೆ ಆಗಿನ ಬ್ಲಾಕ್‌ಪಳ್ಳಿಯಲ್ಲಿ, 1927ರಲ್ಲಿ ರಸೆಲ್ ಮಾರ್ಕೆಟ್ ಎದ್ದಿತು. 1928ರಲ್ಲಿ ಪೇಟೆ ಕಡೆ, ಹಿಂದೆ ಸಿದ್ದಿಕಟ್ಟೆ ಇದ್ದ ಜಾಗದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ. 1929ರಲ್ಲಿ ಹೊಸೂರು ರಸ್ತೆಯಲ್ಲಿ ರಿಚ್ಮಂಡ್ ಟೌನ್ ಮಾರ್ಕೆಟ್. ಎರಡೇ ವರ್ಷದ ಅಂತರ. ಎರಡು ಸರ್ಕಾರ ಒಂದಕ್ಕೊಂದು ಪೈಪೋಟಿ ಕಟ್ಟಿದಂತೆ ಕಾಣ್ತದೆ. ಹೆಸರಿನಲ್ಲೂ ವ್ಯತ್ಯಾಸ ನೋಡಿ: ಪೇಟೆಯದ್ದಕ್ಕೆ ಮಹಾರಾಜರ ಹೆಸರು, ಶಿವಾಜಿನಗರದ್ದಕ್ಕೆ ಮುನ್ಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಹೆಸರು. ರಿಚ್ಮಂಡ್ ಟೌನ್ ಮಾರ್ಕೆಟ್ಟೂ ಬ್ರಿಟಿಷ್ ಅಧಿಕಾರಿಯೊಬ್ಬರ ಹೆಸರು ಪಡೆದು ಜಾನ್ಸನ್ ಮಾರ್ಕೆಟ್ ಆಯಿತು.

ಈ ಜಾನ್ಸನ್ ಮಾರ್ಕೆಟ್ ಇರುವ ಜಾಗದಲ್ಲಿ ಮುಂಚೆ ಇದ್ದದ್ದು ಕುದುರೆ ಲಾಯ. ಅದರ ಒಡೆಯರು ಆಗಾ ಅಲಿ ಅಸ್ಕರ್. ಇರಾನಿನ ಶಿರಾಜ್‌ನಿಂದ 1824ರಲ್ಲಿ, ಇನ್ನೂ ಹದಿಹರೆಯದಲ್ಲಿ, ಅಣ್ಣತಮ್ಮಂದಿರ ಜೊತೆ ಸುಮಾರು 200 ಕುದುರೆ ಹೊಡೆದುಕೊಂಡು ಬೆಂಗಳೂರಿಗೆ ಬಂದ ವ್ಯಾಪಾರಿ. ಆಗ ಕುದುರೆಗೆ ಗಿರಾಕಿ ಯಾರು? ದಂಡು, ಅರಮನೆ, ಅಧಿಕಾರಿಗಳು. ಹೊಸೂರಿನ ಪಕ್ಕ ಮತ್ತಿಗಿರಿಯಲ್ಲಿ ಈಗ ಇರುವ ದೊಡ್ಡ ಸರ್ಕಾರಿ ಜಾನುವಾರು ಫಾರಂ ಕೂಡ ಆ ಕಾಲದಲ್ಲಿ ಕಂಪೆನಿ ಸೈನ್ಯಕ್ಕೆ ಕುದುರೆ ಒದಗಿಸುವ ಡಿಪೋ ಆಗಿತ್ತು. ಅಂದರೆ ಟೊಮೆಟೊ, ಗುಲಾಬಿ ಬರುವ ಮುಂಚೆ ಈ ದಾರಿಯಲ್ಲಿ ಕುದುರೆಗೆ ಬೆಲೆ.

ಕಮಿಷನರ್ ಮಾರ್ಕ್ ಕಬ್ಬನ್‌ಗೆ ಕುದುರೆ ಎಂದರೆ ಪ್ರಾಣ. ಆ ಸ್ನೇಹದಿಂದ ಅಲಿ ಅಸ್ಕರ್‌ಗೆ ಕಟ್ಟಡದ ಗುತ್ತಿಗೆಗಳೂ ಬಂದವು. ರಿಚ್ಮಂಡ್ ಟೌನ್, ಹೈಗ್ರೌಂಡ್ಸ್ ಕಡೆಯ ಎಷ್ಟೋ ಬಂಗಲೆಗಳು ಅವರು ಕಟ್ಟಿಸಿದವು. ಅಲಿ ಅಸ್ಕರ್ ರಸ್ತೆ ಇವತ್ತಿಗೂ ಇದೆ. ಮಾರ್ಕೆಟ್ ಪಕ್ಕದಲ್ಲೇ ಇರುವ ಮಸ್ಜಿದ್-ಎ-ಅಸ್ಕರಿಯೂ ಅವರ ಹೆಸರಿನದ್ದೇ. ಮೈಸೂರಿನ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಇವರ ಮೊಮ್ಮಗ. ಮಿರ್ಜಾ ದಿವಾನರಾದದ್ದು 1926ರಲ್ಲಿ. ಅಜ್ಜನ ಲಾಯದ ಜಾಗದಲ್ಲಿ ಮಾರ್ಕೆಟ್ ಎದ್ದಾಗ ಅವರು ಆ ಪದವಿಯಲ್ಲೇ ಇದ್ದರು. ಒಂದು ಮನೆತನ ಮೂರು ತಲೆಮಾರಿನಲ್ಲಿ ಎಲ್ಲಿಂದ ಎಲ್ಲಿಗೆ ಮುಟ್ಟಿತು ಅಂತ ನೋಡಲು ಪುಸ್ತಕವೇ ಬೇಕಿಲ್ಲ, ಆ ಸರ್ಕಲ್‌ನಲ್ಲಿ ಐದು ನಿಮಿಷ ನಿಂತರೆ ಸಾಕು.

ರಸೆಲ್ ಮಾರ್ಕೆಟ್‌ಗೂ ಹೀಗೊಬ್ಬ ಮುಸ್ಲಿಂ ವ್ಯಾಪಾರಿಯ ನಂಟು ಇದೆ. 1933ರಲ್ಲಿ ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದವರು ಹಾಜಿ ಸರ್ ಇಸ್ಮಾಯಿಲ್ ಸೇಠ್, ಕಚ್ಛೀ ಮೇಮನ್ ಸಮುದಾಯದವರು. ಅವರ ಅಂಗಡಿಯ ಹೆಸರೇ 'ಇಂಗ್ಲಿಷ್ ವೇರ್‌ಹೌಸ್'. ಶಿವಾಜಿನಗರದ ಗೋಷಾ ಆಸ್ಪತ್ರೆ ಅವರ ದಾನದ್ದು, ಅವರ ಹೆಸರಿನದ್ದು. ಅಂಗಡಿಯಲ್ಲಿ ದುಡಿದದ್ದನ್ನು ಅದೇ ಊರಿನ ಹೆಂಗಸರ ಹೆರಿಗೆಗೆ ಖರ್ಚು ಮಾಡಿದ ಮನುಷ್ಯ.

ಇನ್ನು ಕಟ್ಟಡದ ವಿಷಯ. ರಸೆಲ್ ಮಾರ್ಕೆಟ್‌ನ ಮುಂಭಾಗ ನೋಡಿದರೆ ಕಮಾನು, ಗೋಪುರ ಎಲ್ಲ ಸೇರಿ ಅರ್ಧ ಅರಮನೆ, ಅರ್ಧ ದರ್ಗಾ ಅನಿಸ್ತದೆ. ಇದಕ್ಕೆ ಇಂಡೋ-ಸಾರ್ಸೆನಿಕ್ ಶೈಲಿ ಅಂತ ಹೆಸರು. ಯುರೋಪಿನ ನಕ್ಷೆಗೆ ಮೊಘಲ್ ಮತ್ತು ಹಿಂದೂ ಕಟ್ಟಡಗಳ ಅಂಗಿ ತೊಡಿಸಿದ ಹಾಗೆ. ಜಾನ್ಸನ್ ಮಾರ್ಕೆಟ್ ಅಷ್ಟು ಆಡಂಬರದ್ದಲ್ಲ, ಸಣ್ಣದು, ಒಂದು ಬಡಾವಣೆಯ ನಿತ್ಯದ ಬೇಕುಬೇಡಕ್ಕೆ ಕಟ್ಟಿದ್ದು.

ಅಂಗಿ ಯಾವುದೇ ಇರಲಿ, ಒಳಗಿನ ಲೆಕ್ಕಾಚಾರ ಇಂಥ ಮಾರುಕಟ್ಟೆಗಳಲ್ಲಿ ಹೆಚ್ಚು ಕಡಿಮೆ ಒಂದೇ. ಮಾಡು ಎತ್ತರ ಇರಬೇಕು. ಜನರ ಉಸಿರು, ಸರಕಿನ ಬಿಸಿ ಮೇಲೆ ಹೋಗಿ, ಮಾಡಿನ ಹತ್ತಿರದ ಕಿಂಡಿಗಳಿಂದ ಹೊರಬೀಳ್ತದೆ. ಕೆಳಗಿನ ದೊಡ್ಡ ಬಾಗಿಲುಗಳಿಂದ ತಂಪು ಗಾಳಿ ಒಳಬರ್ತದೆ. ಫ್ಯಾನ್ ಇಲ್ಲದ ಕಾಲದಲ್ಲಿ ಸೊಪ್ಪು ಮಧ್ಯಾಹ್ನದವರೆಗೆ ಬಾಡದೆ ಉಳಿಯಲು ಇದೇ ದಾರಿ. ಬೆಳಕೂ ಮೇಲಿಂದ ಬೀಳಬೇಕು. ಪಕ್ಕದಿಂದ ನೇರ ಬಿಸಿಲು ಬಡಿದರೆ ಹಣ್ಣು ಕೆಡ್ತದೆ, ಮೀನಂತೂ ಕೇಳುವುದೇ ಬೇಡ. ನೆಲ ಸಮತಟ್ಟಾಗಿರಬಾರದು, ಚರಂಡಿ ಕಡೆಗೆ ಸ್ವಲ್ಪ ಇಳಿಜಾರು ಬೇಕು. ಸಂಜೆ ನೀರು ಹೊಡೆದರೆ ತಾನಾಗಿ ಹರಿದು ಹೋಗಬೇಕು. ಹೂವು-ಹಣ್ಣು ಬಾಗಿಲ ಹತ್ತಿರ, ಮೀನು-ಮಾಂಸ ಬೇರೆ ಭಾಗದಲ್ಲಿ. ಗಿರಾಕಿಯ ಮೂಗಿಗೆ ಮೊದಲು ಮಲ್ಲಿಗೆ ಸಿಗಬೇಕು, ಬಂಗುಡೆ ಆಮೇಲೆ.

ಆ ಕಾಲದ ಕಟ್ಟಡಗಳ ಮಾಡಿನಲ್ಲಿ ಕರಾವಳಿಯ ಪಾಲೂ ಇದೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹೆಂಚು ದಕ್ಷಿಣ ಭಾರತದ ಶಾಲೆ, ರೈಲ್ವೆ ಸ್ಟೇಷನ್, ಸಂತೆ ಮಾಳಿಗೆಗಳ ಮೇಲೆಲ್ಲ ಕೂತಿತು. ಹೆಂಚಿನ ಸಂದಿಯಲ್ಲಿ ಗಾಳಿಯಾಡ್ತದೆ, ಒಡೆದರೆ ಒಂದನ್ನೇ ಬದಲಿಸಬಹುದು. ಸಿಮೆಂಟ್ ತಾರಸಿಯಲ್ಲಿ ಇವೆರಡೂ ಆಗುವುದಿಲ್ಲ.

ಹೊಸೂರಿನವರು ಕೇಳಬಹುದು, ನಮ್ಮೂರಲ್ಲೂ ಇಂಗ್ಲಿಷರ ಕಟ್ಟಡ ಇತ್ತಲ್ಲ ಅಂತ. ಹೌದು, ಇತ್ತು. ಸೇಲಂ ಕಲೆಕ್ಟರ್ ಆಗಿದ್ದ ಬ್ರೆಟ್ ಎಂಬವರು 19ನೇ ಶತಮಾನದಲ್ಲಿ ಹೊಸೂರು ಕೋಟೆಯ ಜಾಗದಲ್ಲಿ ಇಂಗ್ಲೆಂಡಿನ ಕೆನಿಲ್ವರ್ತ್ ಕೋಟೆಯ ನಕಲಿನಂತೆ ಒಂದು ಬಂಗಲೆ ಕಟ್ಟಿಸಿದ್ದರು. ದೊಡ್ಡ ಖರ್ಚಿನ ಶೋಕಿ. ಅದು ಅವಶೇಷವಾಯಿತು. ಯಾಕೆಂದರೆ ಒಬ್ಬ ಅಧಿಕಾರಿ ಹೋದ ಮೇಲೆ ಅದರಿಂದ ಬೇರೆ ಯಾರಿಗೂ ಉಪಯೋಗ ಇರಲಿಲ್ಲ. ಮಾರುಕಟ್ಟೆಗಳು ಉಳಿದದ್ದು ದಿನಾ ಬೆಳಿಗ್ಗೆ ಶಟರ್ ಎತ್ತುವವರು ಇದ್ದುದರಿಂದ.

ಆದರೆ ಉಳಿಯುವುದು ಅಷ್ಟು ಸುಲಭವೂ ಅಲ್ಲ. ಇಲ್ಲಿ ಸ್ವಲ್ಪ ಲೆಕ್ಕಪತ್ರ ನೋಡಬೇಕು. ಮುನ್ಸಿಪಾಲಿಟಿ ಅಂಗಡಿಗಳ ಬಾಡಿಗೆ ಎಷ್ಟೋ ಕಡೆ ವರ್ಷಗಟ್ಟಲೆ ಪರಿಷ್ಕರಣೆ ಆಗುವುದಿಲ್ಲ. ಕಡಿಮೆ ಬಾಡಿಗೆ ಅಂತ ವ್ಯಾಪಾರಿಗೆ ಖುಷಿ. ಅಂಗಡಿ ಅಪ್ಪನಿಂದ ಮಗನಿಗೆ ಬರ್ತದೆ, ಕೆಲವೊಮ್ಮೆ ಗುಡ್‌ವಿಲ್ ತೆಗೆದುಕೊಂಡು ಒಳಬಾಡಿಗೆಗೆ ಹೋಗ್ತದೆ. ಇತ್ತ ಆದಾಯ ಇಲ್ಲ ಅಂತ ಪಾಲಿಕೆ ರಿಪೇರಿ ಮಾಡುವುದಿಲ್ಲ. ಮಾಡು ಸೋರ್ತದೆ, ವೈರಿಂಗ್ ಹಳತಾಗ್ತದೆ. ಹತ್ತಿಪ್ಪತ್ತು ವರ್ಷ ಹೀಗೆ ಬಿಟ್ಟರೆ ಕಟ್ಟಡ ಶಿಥಿಲ ಅಂತ ಇಂಜಿನಿಯರ್ ವರದಿ ಬರ್ತದೆ. ಆಮೇಲೆ ಬಹುಮಹಡಿ ಕಾಂಪ್ಲೆಕ್ಸ್‌ನ ನಕ್ಷೆ. ಕಡಿಮೆ ಬಾಡಿಗೆಯ ಲಾಭ ತಿಂದವರೇ ಕೊನೆಗೆ ಅದರ ನಷ್ಟವನ್ನೂ ಅನುಭವಿಸ್ತಾರೆ. ಇದರಲ್ಲಿ ತಪ್ಪು ಪಾಲಿಕೆಯದ್ದು ಮಾತ್ರ ಎಂದರೆ ಅದು ಪೂರ್ತಿ ಸತ್ಯ ಆಗುವುದಿಲ್ಲ.

ಮದ್ರಾಸಿನ ಮೂರ್ ಮಾರ್ಕೆಟ್ 1985ರ ಮೇ 30ರಂದು ಬೆಂಕಿಗೆ ಹೋಯಿತು. ಆ ಜಾಗ ರೈಲ್ವೆಗೆ ಸೇರಿತು. ಹಳೇ ಪುಸ್ತಕದವರು ಚದುರಿದರು. ಚೆನ್ನೈ ಸೆಂಟ್ರಲ್‌ನ ಲೋಕಲ್ ರೈಲಿನ ನಿಲ್ದಾಣಕ್ಕೆ ಇವತ್ತೂ 'ಮೂರ್ ಮಾರ್ಕೆಟ್ ಕಾಂಪ್ಲೆಕ್ಸ್' ಅಂತಲೇ ಹೆಸರು. ಹೆಸರು ಉಳಿಯಿತು, ಮಾರ್ಕೆಟ್ ಇಲ್ಲ. ರಸೆಲ್ ಮಾರ್ಕೆಟ್‌ನಲ್ಲಿ 2012ರ ಫೆಬ್ರವರಿ 25ರ ಬೆಂಕಿಗೆ ನೂರಕ್ಕೂ ಹೆಚ್ಚು ಅಂಗಡಿ ಸುಟ್ಟವು. ಅಲ್ಲಿಯ ವ್ಯಾಪಾರಿಗಳು ಕೈಯಿಂದ ದುಡ್ಡು ಹಾಕಿ ಮತ್ತೆ ಅಂಗಡಿ ಎಬ್ಬಿಸಿದರು, ಜಾಗ ಬಿಡಲಿಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಕೆಡವಬೇಕಾ, ಉಳಿಸಬೇಕಾ ಎಂಬ ಜಗಳ ಹೈಕೋರ್ಟ್ ಮುಟ್ಟಿತು. ಮಂಗಳೂರಿನ ಕಥೆ ಎಲ್ಲರಿಗೂ ಗೊತ್ತು. 2020ರ ಏಪ್ರಿಲ್‌ನಲ್ಲಿ ಕೊರೋನಾ ಹೊತ್ತಿಗೆ ಸೆಂಟ್ರಲ್ ಮಾರ್ಕೆಟ್ ಮುಚ್ಚಿ, ಸಗಟು ವ್ಯಾಪಾರ ಬೈಕಂಪಾಡಿ ಎಪಿಎಂಸಿಗೆ ಹೋಯಿತು. ತುಳುವಿನ 'ಬ್ಯಾರ' ಎಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬ ಹೆಸರು ಬಂತು ಅಂತ ಹೇಳ್ತಾರೆ. ಅಂಥ ಸಮುದಾಯದ ಎಷ್ಟೋ ಮನೆಗಳ ಒಲೆ ಆ ಮಾರ್ಕೆಟ್‌ನಿಂದ ಉರೀತಿತ್ತು. ಹಳೇ ಕಟ್ಟಡ ಈಗ ಇಲ್ಲ.

ಕಟ್ಟಡ ಉಳಿಸಿದರೆ ವ್ಯಾಪಾರ ಉಳಿದಂತೆ ಅಂತಲೂ ಅಲ್ಲ. ಲಂಡನ್ನಿನ ಕೋವೆಂಟ್ ಗಾರ್ಡನ್‌ನ 1830ರ ಮಾರುಕಟ್ಟೆ ಕಟ್ಟಡ ನೋಡಿ. ಸಗಟು ಹಣ್ಣು-ತರಕಾರಿ ವ್ಯಾಪಾರ 1974ರಲ್ಲಿ ನೈನ್ ಎಲ್ಮ್ಸ್‌ಗೆ ಹೋಯಿತು. ಊರಿನವರು ಹೋರಾಡಿ ಕಟ್ಟಡ ಉಳಿಸಿಕೊಂಡರು, 1980ರಲ್ಲಿ ಅದು ಮತ್ತೆ ತೆರೆಯಿತು. ಕಂಬ, ಕಮಾನು, ಗಾಜಿನ ಮಾಡು ಎಲ್ಲ ಚೆಂದ ಇದೆ. ಒಳಗೆ ಇರುವುದು ಮಾತ್ರ ಪ್ರವಾಸಿಗರ ಅಂಗಡಿ, ಕೆಫೆ. ಎಲೆಕೋಸು ಮಾರುವವನಿಗೆ ಅಲ್ಲಿ ಜಾಗ ಇಲ್ಲ. ಮಾರುಕಟ್ಟೆ ಅಂದರೆ ಗೋಡೆ ಮಾತ್ರ ಅಲ್ಲ, ಅದರಡಿ ಕೂರುವ ಹಕ್ಕೂ ಹೌದು. ಪಾರಂಪರಿಕ ಕಟ್ಟಡ ಅಂತ ಪಟ್ಟಿಗೆ ಸೇರಿಸಿದರೆ ಗೋಡೆಗೆ ರಕ್ಷಣೆ ಸಿಗಬಹುದು, ಹಕ್ಕಿಗೆ ಬೇರೆಯೇ ಕಾಗದ ಬೇಕು.

ಆ ಕಾಗದದ ವಿಷಯ ಯುವಕರು ತಿಳಿದಿರುವುದು ಒಳ್ಳೆಯದು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಕಟ್ಟಡಗಳಿಗೆ ಅನ್ವಯ ಆಗುವುದಿಲ್ಲ. ಹಾಗಾಗಿ ಪಾಲಿಕೆಯ ಅಂಗಡಿಯವನು ಖಾಸಗಿ ಕಟ್ಟಡದ ಬಾಡಿಗೆದಾರನಂತೆ ವಾದಿಸಲು ಆಗುವುದಿಲ್ಲ. ಅವನ ಬಲ ಇರುವುದು ಕರಾರು ಪತ್ರ, ಲೈಸೆನ್ಸ್, ಬಾಡಿಗೆ ರಶೀದಿಯಲ್ಲಿ. ಹೊರಗೆ ಬುಟ್ಟಿ ಇಟ್ಟು, ಗಾಡಿ ನಿಲ್ಲಿಸಿ ಮಾರುವವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. 50 ವರ್ಷಕ್ಕೂ ಹೆಚ್ಚು ಕಾಲದಿಂದ ಬೀದಿ ವ್ಯಾಪಾರ ನಡೆಯುವ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿಯವರನ್ನು ಎಬ್ಬಿಸಬಾರದು ಅಂತ ಆ ಕಾಯ್ದೆಯಲ್ಲಿದೆ. ಸರ್ವೆಯಲ್ಲಿ ಹೆಸರು ಬರೆಸಿ, ಮಾರಾಟದ ಪ್ರಮಾಣಪತ್ರ ಪಡೆದವರಿಗೆ ಇದನ್ನು ಕೇಳುವ ಧೈರ್ಯ ಬರ್ತದೆ. ಪುನರ್‌ನಿರ್ಮಾಣದ ಮಾತು ಬಂದಾಗ ಮೊದಲು ಕೇಳಬೇಕಾದ್ದು ಮೂರು: ಈಗಿರುವವರ ಪಟ್ಟಿ ಯಾವ ದಿನಾಂಕದ್ದು, ಕೆಲಸ ಮುಗಿಯುವವರೆಗೆ ಕೂರಲು ಜಾಗ ಎಲ್ಲಿ, ಮರಳಿ ಬಂದಾಗ ನೆಲಮಹಡಿಯಲ್ಲಿ ಎಷ್ಟು ಅಡಿ ಮತ್ತು ಯಾವ ಬಾಡಿಗೆಗೆ. ಮೂರನೇ ಮಹಡಿಗೆ ಹತ್ತಿ ಕೊತ್ತಂಬರಿ ಸೊಪ್ಪು ಕೊಳ್ಳುವ ಗಿರಾಕಿ ಸಿಗುವುದಿಲ್ಲ. ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಸಹಿ-ಮೊಹರಿನ ಜೊತೆ ತೆಗೆದುಕೊಳ್ಳಬೇಕು.